ಸೇತುವೆಗೆ ದುರಸ್ತಿ, ದೋಣಿಗೆ ತಡೆ: ಪಾಂಬನ್ ಎತ್ತಿರುವ ಪ್ರಶ್ನೆ

2025ರ ಏಪ್ರಿಲ್ 6ರಂದು ತಮಿಳುನಾಡಿನ ರಾಮೇಶ್ವರದ ಬಳಿ ಹೊಸ ಪಾಂಬನ್ ರೈಲು ಸೇತುವೆಯನ್ನು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಆ ದಿನ ಒಂದು ರೈಲು ಸೇತುವೆಯ ಮೇಲಿನಿಂದ ಹೊರಟಿತು. ಬಳಿಕ ಸೇತುವೆಯ ನಡುವಿನ ಭಾಗ ಮೇಲೆದ್ದಿತು, ಅದರ ಅಡಿಯಿಂದ ಕರಾವಳಿ ರಕ್ಷಣಾ ಪಡೆಯ ಹಡಗು ಸಾಗಿತು. ಟಿ.ವಿ.ಯಲ್ಲಿ ಈ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಲಂಬವಾಗಿ ಮೇಲೇರುವ ಇಂತಹ ಸಮುದ್ರ ಸೇತುವೆ ದೇಶದಲ್ಲೇ ಮೊದಲನೆಯದು. ಎಂಜಿನಿಯರುಗಳ ಸಾಧನೆಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಸಮಾರಂಭ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ. ಯಂತ್ರ ಎಂದ ಮೇಲೆ ಅದು ಸವೆಯುತ್ತದೆ, ತುಕ್ಕು ಹಿಡಿಯುತ್ತದೆ, ದುರಸ್ತಿ ಬೇಡುತ್ತದೆ. ದುರಸ್ತಿಗಾಗಿ ಇಂತಹ ಸೇತುವೆಯನ್ನು ತಾತ್ಕಾಲಿಕವಾಗಿ ದೋಣಿ ಸಂಚಾರಕ್ಕೆ ಮುಚ್ಚಬೇಕಾದ ದಿನ ಬಂದೇ ಬರುತ್ತದೆ. ಆಗ ಯಾರು ಕಾಯಬೇಕು? ಎಷ್ಟು ದಿನ? ಅದನ್ನು ಯಾರು, ಯಾರನ್ನು ಕೇಳಿ ತೀರ್ಮಾನಿಸಬೇಕು? ನದಿ ಮತ್ತು ಕಡಲನ್ನೇ ನಂಬಿ ಬದುಕುವ ಜನರ ನಡುವೆ ಇರುವ ನಾವು ಈ ಪ್ರಶ್ನೆಯನ್ನು ಎತ್ತದಿದ್ದರೆ ಬೇರೆ ಯಾರೂ ಎತ್ತುವಂತೆ ಕಾಣುವುದಿಲ್ಲ.

ಒಂದು ಸೇತುವೆ, ಎರಡು ದಾರಿ

ಪಾಂಬನ್ ಕಾಲುವೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ರಾಮೇಶ್ವರ ಒಂದು ದ್ವೀಪ. ಅದಕ್ಕೂ ಭಾರತದ ಮುಖ್ಯ ಭೂಮಿಗೂ ನಡುವೆ ಸುಮಾರು ಎರಡು ಕಿಲೋಮೀಟರ್ ಅಗಲದ ನೀರು. ಇದರ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ದ್ವೀಪದ ಇನ್ನೊಂದು ತುದಿಯಾದ ಧನುಷ್ಕೋಡಿಯಿಂದ ಶ್ರೀಲಂಕಾದವರೆಗೆ ಮರಳು ದಿಬ್ಬಗಳ ಸಾಲು, ಆಳವಿಲ್ಲದ ನೀರು, ಜತೆಗೆ ಅಂತರರಾಷ್ಟ್ರೀಯ ಗಡಿ. ಹೀಗಾಗಿ ಭಾರತದ ಕಡಲಿನಲ್ಲೇ ಉಳಿದು ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಅಥವಾ ಪಶ್ಚಿಮದಿಂದ ಪೂರ್ವಕ್ಕೆ ದಾಟಬೇಕಾದ ಬೋಟುಗಳಿಗೆ ಇರುವ ಬಾಗಿಲು ಪಾಂಬನ್ ಒಂದೇ. ಇಲ್ಲವಾದರೆ ಶ್ರೀಲಂಕಾವನ್ನೇ ಸುತ್ತಿ ಬರಬೇಕು. ಅದು ನೂರಾರು ನಾಟಿಕಲ್ ಮೈಲುಗಳ ಹಾದಿ. ದೊಡ್ಡ ಹಡಗುಗಳು ಹೇಗೂ ಆ ಹಾದಿಯನ್ನೇ ಹಿಡಿಯುತ್ತವೆ, ಏಕೆಂದರೆ ಪಾಂಬನ್‌ನಲ್ಲಿ ಅವುಗಳಿಗೆ ಬೇಕಾದ ಆಳವಿಲ್ಲ. ಆದರೆ ಟ್ರಾಲ್ ಬೋಟು, ಸಣ್ಣ ಬಾರ್ಜು, ಟಗ್‌ಗಳಿಗೆ ಈ ಬಾಗಿಲು ಬೇಕೇ ಬೇಕು.

ಹಳೆಯ ಸೇತುವೆ ರೈಲು ಸಂಚಾರಕ್ಕೆ ತೆರೆದದ್ದು 1914ರ ಫೆಬ್ರವರಿ 24ರಂದು. ಅದನ್ನು ಕಟ್ಟಿದವರಿಗೆ ದೋಣಿಯವರ ಹಕ್ಕಿನ ಅರಿವಿತ್ತು. ಆದ್ದರಿಂದಲೇ ಸೇತುವೆಯ ನಡುವೆ ಷೆರ್ಜರ್ ಮಾದರಿಯ ಎರಡು ರೆಕ್ಕೆಗಳನ್ನು ಇಟ್ಟರು. ಬೋಟು ಬಂದಾಗ ಕಾರ್ಮಿಕರು ಕೈಯಿಂದಲೇ ಯಂತ್ರ ತಿರುಗಿಸಿ ಈ ರೆಕ್ಕೆಗಳನ್ನು ಎರಡು ಬದಿಗೆ ಎತ್ತುತ್ತಿದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಹೀಗೆಯೇ ನಡೆಯಿತು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ಧನುಷ್ಕೋಡಿಯನ್ನು ನೆಲಸಮ ಮಾಡಿತು. ಪಾಂಬನ್-ಧನುಷ್ಕೋಡಿ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರ ಸಮೇತ ಕಡಲ ಪಾಲಾಯಿತು. ಸೇತುವೆಯ ಬಹುಪಾಲು ಗರ್ಡರುಗಳು ಕೊಚ್ಚಿಹೋದವು. ಆದರೂ ಏಳುವ ಆ ನಡುಭಾಗ ಉಳಿಯಿತು. ಆಗ ತರುಣ ಎಂಜಿನಿಯರ್ ಆಗಿದ್ದ ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ನೀರಿಗೆ ಬಿದ್ದ ಗರ್ಡರುಗಳನ್ನು ಮೇಲೆತ್ತಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ಕಟ್ಟಲಾಯಿತು. ಮನಸ್ಸು ಮಾಡಿದರೆ ದುರಸ್ತಿ ಎಷ್ಟು ಬೇಗ ಆಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಬೇಕಿಲ್ಲ.

ಹೊಸ ಸೇತುವೆಯ ಉದ್ದ 2.08 ಕಿಲೋಮೀಟರ್. ಒಟ್ಟು ನೂರು ಅಂಕಣಗಳಲ್ಲಿ 99 ಸ್ಥಿರವಾದವು. ಉಳಿದ ಒಂದು 72.5 ಮೀಟರ್ ಉದ್ದದ ಅಂಕಣ, ಎರಡು ಗೋಪುರಗಳ ನಡುವೆ ಲಿಫ್ಟಿನಂತೆ 17 ಮೀಟರ್ ಮೇಲೇರುತ್ತದೆ. ಕೈಯಿಂದ ಎತ್ತುವ ಕಾಲ ಮುಗಿಯಿತು, ಈಗ ವಿದ್ಯುತ್ ಮೋಟರುಗಳು ಆ ಕೆಲಸ ಮಾಡುತ್ತವೆ. ತಗಲಿದ ಖರ್ಚು 550 ಕೋಟಿ ರೂಪಾಯಿಗೂ ಹೆಚ್ಚು.

ಮೇಲೆ ನಿಂತರೆ ಸುದ್ದಿ, ಕೆಳಗೆ ನಿಂತರೆ ಮೌನ

ಇಂತಹ ಸೇತುವೆಯ ಸ್ವಭಾವವೇ ವಿಚಿತ್ರ. ಅದು ರೈಲಿಗೆ ತೆರೆದಿದ್ದರೆ ಬೋಟಿಗೆ ಮುಚ್ಚಿರುತ್ತದೆ, ಬೋಟಿಗೆ ತೆರೆದಿದ್ದರೆ ರೈಲಿಗೆ ಮುಚ್ಚಿರುತ್ತದೆ. ಕೆಟ್ಟು ನಿಂತಾಗ ಯಾರಿಗೆ ತೊಂದರೆ ಎಂಬುದು ಅದು ಯಾವ ಸ್ಥಿತಿಯಲ್ಲಿ ನಿಂತಿತು ಎಂಬುದರ ಮೇಲಿದೆ.

ಹಳೆಯ ಸೇತುವೆಯ ಕೊನೆಯ ವರ್ಷಗಳನ್ನು ನೆನೆಯೋಣ. 2018ರ ಡಿಸೆಂಬರ್‌ನಲ್ಲಿ ಏಳುವ ಭಾಗದಲ್ಲಿ ದೋಷ ಕಂಡು ರೈಲು ಸಂಚಾರ ನಿಲ್ಲಿಸಲಾಯಿತು. ತಿಂಗಳುಗಳ ಬಳಿಕ ದುರಸ್ತಿಯಾಗಿ ರೈಲು ಮತ್ತೆ ಓಡಿತು. 2022ರ ಡಿಸೆಂಬರ್‌ನಲ್ಲಿ ಮತ್ತೆ ತೊಂದರೆ ಕಾಣಿಸಿತು. ಈ ಬಾರಿ ನಿಂತ ರೈಲು ಆ ಸೇತುವೆಯ ಮೇಲೆ ಮತ್ತೆ ಓಡಲೇ ಇಲ್ಲ. ಹೊಸ ಸೇತುವೆ ಬರುವ ತನಕ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾತ್ರಿಕರು ಮಂಡಪಂನಲ್ಲೋ ಅದಕ್ಕೂ ಹಿಂದೆಯೋ ಇಳಿದು ಬಸ್ಸು ಹತ್ತಿ ರಾಮೇಶ್ವರ ಸೇರಿದರು. ಪಕ್ಕದಲ್ಲೇ 1988ರಿಂದ ರಸ್ತೆ ಸೇತುವೆ ಇದೆ. ತೊಂದರೆ ಆಯಿತು ನಿಜ, ದಾರಿ ಮಾತ್ರ ಇತ್ತು. ಪತ್ರಿಕೆಗಳು ಬರೆದವು, ಜನಪ್ರತಿನಿಧಿಗಳು ಕೇಳಿದರು, ರೈಲ್ವೆ ಉತ್ತರಿಸಿತು.

ಇನ್ನು ಇದೇ ಸೇತುವೆ ಕೆಳಗಿಳಿದ ಸ್ಥಿತಿಯಲ್ಲಿ ನಿಂತಿತು ಎಂದುಕೊಳ್ಳಿ. ರೈಲುಗಳು ಎಂದಿನಂತೆ ಓಡುತ್ತವೆ, ಟಿಕೆಟು ಮಾರಾಟವಾಗುತ್ತದೆ, ಯಾತ್ರಿಕರಿಗೆ ಏನೂ ಗೊತ್ತಾಗುವುದಿಲ್ಲ. ಕಾಲುವೆಯ ಎರಡು ಬದಿಯಲ್ಲಿ ಲಂಗರು ಹಾಕಿ ನಿಂತ ಬೋಟುಗಳಿಗೆ ಮಾತ್ರ ಗೊತ್ತು. ಅವರಿಗೆ ಬದಲಿ ಬಸ್ಸು ಇಲ್ಲ, ಬದಲಿ ಕಾಲುವೆಯೂ ಇಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಹಳಿಯ ಕೆಲಸ ಇದ್ದರೆ ರೈಲು ನಿಲ್ಲಿಸಬೇಕಾಗುತ್ತದೆ. ಆದರೆ ಎತ್ತುವ ಯಂತ್ರದ ಕೆಲಸ, ಅಂದರೆ ಉಕ್ಕಿನ ಹಗ್ಗ, ರಾಟೆ, ಸಮತೂಕದ ಭಾರ, ಮೋಟರು ಇವುಗಳ ಕೆಲಸ ಇದ್ದರೆ ಸಾಮಾನ್ಯವಾಗಿ ಅಂಕಣವನ್ನು ಕೆಳಗಿಳಿಸಿ ಕಂಬದ ಮೇಲೆ ಭದ್ರವಾಗಿ ಕೂರಿಸಿಯೇ ಮಾಡಬೇಕು. ಭಾರ ಹೊತ್ತ ಹಗ್ಗವನ್ನು ಬದಲಿಸಲಾಗದು ತಾನೇ? ಆದ್ದರಿಂದ ಏಳುವ ಭಾಗದ ದೊಡ್ಡ ದುರಸ್ತಿಗಳ ಹೊರೆ ಬೀಳುವುದು ಹೆಚ್ಚಾಗಿ ಬೋಟಿನವರ ಮೇಲೆ. ಪಾಂಬನ್ ಸುತ್ತಲಿನ ಉಪ್ಪು ಗಾಳಿ ಉಕ್ಕನ್ನು ಎಷ್ಟು ಬೇಗ ತಿನ್ನುತ್ತದೆ ಎಂಬುದು ಹಳೆಯ ಸೇತುವೆಯ ಕಥೆಯಿಂದಲೇ ಗೊತ್ತು. ರೈಲು ಓಡುತ್ತಿರುವಾಗ ಕೆಲಸ ಬೇಗ ಮುಗಿಸಬೇಕೆಂಬ ಅವಸರ ಯಾರಿಗೂ ಇರುವುದಿಲ್ಲ. ಯಾರದ್ದೋ ದುರುದ್ದೇಶ ಇದರಲ್ಲಿದೆ ಎಂದು ನಾವು ಹೇಳುವುದಿಲ್ಲ. ವ್ಯವಸ್ಥೆ ಇರುವುದೇ ಹಾಗೆ. ಅದಕ್ಕೇ ನಿಯಮ ಬೇಕು ಎನ್ನುತ್ತೇವೆ.

ಹಳೆಯ ಸೇತುವೆಯನ್ನು ಕಳಚುವ ಕೆಲಸಕ್ಕೂ 2025ರಲ್ಲಿ ರೈಲ್ವೆ ಮುಂದಾಯಿತು. ಅದರ ನಡುವಿನ ರೆಕ್ಕೆಗಳನ್ನು ಕಟ್ಟಿದ್ದೂ ಇದೇ ಕಾಲುವೆಯ ಮೇಲೆ. ನೂರಾರು ಟನ್ ಉಕ್ಕನ್ನು ಕ್ರೇನಿನಿಂದ ಇಳಿಸುವಾಗ ಕೆಳಗೆ ಬೋಟು ಬಿಡಲಾಗದು. ಆದ್ದರಿಂದ ಕಾಲುವೆಯನ್ನು ತಾತ್ಕಾಲಿಕವಾಗಿ ಮುಚ್ಚುವುದು ದೂರದ ಊಹೆಯ ಮಾತಲ್ಲ.

ಒಂದು ದಿನ ನಿಂತರೆ ಏನಾಗುತ್ತದೆ?

"ಒಂದೆರಡು ವಾರ ತಾನೇ, ಕಾಯಲಿ" ಎಂದು ದಡದಲ್ಲಿ ಕೂತವರು ಹೇಳಬಹುದು. ಕಡಲಿಗೆ ಹೋಗುವವರ ಲೆಕ್ಕ ಬೇರೆ.

ಬೋಟು ಬಂದರಿನಿಂದ ಹೊರಡುವ ಮೊದಲೇ ಡೀಸೆಲ್, ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿ, ಬಲೆ ಎಲ್ಲದಕ್ಕೂ ಹಣ ಸುರಿದಾಗಿರುತ್ತದೆ. ಈ ಹಣ ಹಲವು ಸಲ ಮೀನು ಖರೀದಿಸುವವರಿಂದ ಮುಂಗಡವಾಗಿ ಪಡೆದದ್ದು. ನಿಂತಲ್ಲೇ ನಿಂತರೆ ಮಂಜುಗಡ್ಡೆ ಕರಗುತ್ತದೆ. ಮೀನು ತುಂಬಿಕೊಂಡು ಮರಳುವಾಗ ಸೇತುವೆ ಮುಚ್ಚಿದ್ದರಂತೂ ಹಾನಿ ಇಮ್ಮಡಿ. ಬೋಟಿನ ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳವಿಲ್ಲ, ಬಂದ ಮೀನಿನ ಹಣದಲ್ಲಿ ಪಾಲು. ಮೀನಿಲ್ಲದಿದ್ದರೆ ಪಾಲೂ ಇಲ್ಲ. ಮನೆಯಲ್ಲಿ ಕಾಯುವ ಹೆಂಗಸರು ಅಂಗಡಿಯಲ್ಲಿ ಸಾಲ ಬರೆಸಬೇಕಾಗುತ್ತದೆ.

ಹಣಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ಪಾಂಬನ್ ಸುತ್ತಲಿನ ಗಾಳಿ ಮತ್ತು ನೀರಿನ ಸೆಳೆತ ಹೆಸರುವಾಸಿ. 2013ರ ಜನವರಿಯಲ್ಲಿ ಬಾರ್ಜ್ ಒಂದು ಗಾಳಿ, ಸೆಳೆತಕ್ಕೆ ಸಿಕ್ಕಿ ಹಳೆಯ ಸೇತುವೆಗೆ ಬಡಿಯಿತು. ಕಂಬಕ್ಕೆ ಹಾನಿಯಾಗಿ ರೈಲು ಸಂಚಾರವೂ ಹಲವು ದಿನ ನಿಂತಿತು. ಸೇತುವೆಯ ಬಾಯಲ್ಲಿ ಹತ್ತಾರು ಬೋಟುಗಳನ್ನು ಕಾಯಿಸುವುದು ಬೋಟಿಗೂ ಅಪಾಯ, ಸೇತುವೆಗೂ ಅಪಾಯ ಎಂಬುದು ಆಗಲೇ ತಿಳಿದ ಪಾಠ. ಇನ್ನು ಬಿರುಗಾಳಿಯ ಮುನ್ಸೂಚನೆ ಬಂದಾಗ ಬೋಟಿನವನು ಬಯಸುವುದು ದ್ವೀಪದ ಮರೆಯ ಬದಿಯನ್ನು. ಗಾಳಿ ದಕ್ಷಿಣದಿಂದ ಬೀಸಿದರೆ ಉತ್ತರದ ಬದಿ, ಉತ್ತರದಿಂದ ಬೀಸಿದರೆ ದಕ್ಷಿಣದ ಬದಿ. ಆ ಹೊತ್ತಿಗೆ ಸೇತುವೆ ತೆರೆಯದಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಹೊರಗಿನವರು ಹೇಗೆ ಮಾಡುತ್ತಾರೆ?

ಏಳುವ ಸೇತುವೆಗಳು ನೂರಾರು ಸಂಖ್ಯೆಯಲ್ಲಿರುವ ಅಮೆರಿಕದಲ್ಲಿ ಇದಕ್ಕೊಂದು ಹಳೆಯ ಕ್ರಮವಿದೆ. ಅಲ್ಲಿ 1894ರಷ್ಟು ಹಿಂದೆಯೇ ಏಳುವ ಸೇತುವೆಗಳ ಬಗ್ಗೆ ಕಾನೂನು ಬಂತು. ಈಗ ಅದನ್ನು ನೋಡಿಕೊಳ್ಳುವುದು ಅಲ್ಲಿನ ಕರಾವಳಿ ರಕ್ಷಣಾ ಪಡೆ. ಸೇತುವೆ ರೈಲ್ವೆಯದ್ದಾಗಲಿ, ರಾಜ್ಯದ್ದಾಗಲಿ, ನಗರಸಭೆಯದ್ದಾಗಲಿ, ಮಾಲೀಕರು ತಮ್ಮಷ್ಟಕ್ಕೆ ಅದನ್ನು ದೋಣಿಗೆ ಮುಚ್ಚುವಂತಿಲ್ಲ. ದುರಸ್ತಿಯ ಕಾರಣ, ಆರಂಭದ ದಿನ, ಮುಗಿಯುವ ದಿನ ಎಲ್ಲವನ್ನೂ ಬರೆದು ಮೊದಲೇ ಅನುಮತಿ ಕೇಳಬೇಕು. ಅನುಮತಿ ಸಿಕ್ಕರೆ ಅದು ಸರಕಾರಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ, ನಾವಿಕರಿಗೆ ಸೂಚನೆ ಹೋಗುತ್ತದೆ. ಈ ಬಗೆಯ ತಾತ್ಕಾಲಿಕ ಬದಲಾವಣೆಗೆ 180 ದಿನಗಳ ಮಿತಿ ಇದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅವಧಿ ಮುಗಿದ ಕೂಡಲೇ ಸೇತುವೆ ಎಂದಿನ ವೇಳಾಪಟ್ಟಿಗೆ ಮರಳಬೇಕು.

ಆ ಸೂಚನೆಗಳಲ್ಲಿ ಸಾಮಾನ್ಯವಾಗಿ ಇರುವ ಮಾತುಗಳು ನಮಗೆ ಹಿಡಿಸಿದವು. ಸೇತುವೆ ಮುಚ್ಚಿದ್ದರೂ ಅದರ ಅಡಿಯಿಂದ ಹೋಗಬಲ್ಲ ಸಣ್ಣ ದೋಣಿಗಳು ಯಾವಾಗ ಬೇಕಾದರೂ ಹೋಗಬಹುದು ಎಂದು ಬರೆದಿರುತ್ತದೆ. ತುರ್ತು ಸಂದರ್ಭದಲ್ಲಿ ಸೇತುವೆ ತೆರೆಯಲು ಸಾಧ್ಯವೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ಹೇಳಿರುತ್ತದೆ. ಬೇರೆ ದಾರಿ ಇದೆಯೇ ಎಂಬುದನ್ನೂ ಹೇಳಿರುತ್ತದೆ. ಎರಡು ರೆಕ್ಕೆಯ ಸೇತುವೆಯಾದರೆ ಒಂದನ್ನು ದುರಸ್ತಿ ಮಾಡುವಾಗ ಇನ್ನೊಂದನ್ನು ತೆರೆಯುವ ಪದ್ಧತಿ ಇದೆ. ರಾತ್ರಿ ಮಾತ್ರ ಮುಚ್ಚುವುದು, ಇಂತಿಷ್ಟು ಗಂಟೆ ಮೊದಲು ತಿಳಿಸಿದರೆ ತೆರೆದುಕೊಡುವುದು ಇವೂ ಇವೆ. ಸೇತುವೆ ತೆರೆಯಿರಿ ಎಂದು ಕೇಳಲು ದೋಣಿ ಒಂದು ದೀರ್ಘ, ಒಂದು ಹ್ರಸ್ವ ಸೀಟಿ ಊದಬೇಕು. ಈಗ ತೆರೆಯಲಾಗದು ಎಂದಾದರೆ ಸೇತುವೆಯವರು ಐದು ಹ್ರಸ್ವ ಸೀಟಿ ಊದಿ ಉತ್ತರಿಸಬೇಕು. ಆಗುವುದಿಲ್ಲ ಎನ್ನುವುದಕ್ಕೂ ಅಲ್ಲಿ ಒಂದು ಉತ್ತರವಿದೆ. ಕಾಯುವವನಿಗೆ ಅಷ್ಟಾದರೂ ಗೌರವ ಸಿಗುತ್ತದೆ.

ಲಂಡನ್ನಿನ ಟವರ್ ಬ್ರಿಜ್ ಕೂಡ ತೆರೆದದ್ದು 1894ರಲ್ಲೇ. ಅದನ್ನು ಕಟ್ಟಲು 1885ರಲ್ಲಿ ಮಾಡಿದ ಕಾಯಿದೆ ನದಿಯ ಹಡಗುಗಳ ಹಕ್ಕನ್ನು ಕಾಪಾಡಿತು. ಇಂದಿಗೂ 24 ಗಂಟೆ ಮುಂಚಿತವಾಗಿ ತಿಳಿಸಿದರೆ ಹಡಗಿಗೆ ಉಚಿತವಾಗಿ ಸೇತುವೆ ತೆರೆಯಲಾಗುತ್ತದೆ, ಮೇಲೆ ಓಡುವ ವಾಹನಗಳು ಕಾಯುತ್ತವೆ. ನೀರಿನ ದಾರಿ ಸೇತುವೆಗಿಂತ ಮೊದಲೇ ಇತ್ತು ಎಂಬ ನ್ಯಾಯ ಅದರ ಹಿಂದಿದೆ.

ಯಾವ ತಿಂಗಳು ಸೂಕ್ತ?

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇಂತಹ ದೊಡ್ಡ ದುರಸ್ತಿಗಳನ್ನು ಹೆಚ್ಚಾಗಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ, ಆಗ ವಿಹಾರದ ದೋಣಿಗಳು ನೀರಿಗಿಳಿಯುವುದಿಲ್ಲ. ನಮಗೂ ಅಂತಹ ಕಾಲವೊಂದು ಕಾನೂನಿನಲ್ಲೇ ಇದೆ. ಮೀನು ಮರಿ ಮಾಡುವ ಕಾಲವೆಂದು ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ತಲಾ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿದೆ.

ಈ ಎರಡು ಅವಧಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜೂನ್ 1ರಿಂದ 14ರವರೆಗೆ ಎರಡೂ ಕರಾವಳಿಯ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಕಾಲುವೆ ಮುಚ್ಚಿದರೆ ಅತಿ ಕಡಿಮೆ ಜನರಿಗೆ ತೊಂದರೆಯಾಗುವ ಹದಿನಾಲ್ಕು ದಿನ ಇವು. ಆದರೆ ಅಷ್ಟು ಹೊತ್ತಿಗೆ ನೈಋತ್ಯ ಮುಂಗಾರಿನ ಗಾಳಿ ಜೋರಾಗಿರುತ್ತದೆ. ಗೋಪುರದ ಮೇಲೆ ನಿಂತು ಭಾರದ ಕೆಲಸ ಮಾಡುವವರೂ ಮನುಷ್ಯರೇ, ಅವರ ಜೀವವೂ ಮುಖ್ಯ. ಹೀಗಿರುವಾಗ ಏಪ್ರಿಲ್ 15ರಿಂದ ಮೇ ಕೊನೆಯವರೆಗಿನ ಆರೂವರೆ ವಾರ ಎರಡನೆಯ ಒಳ್ಳೆಯ ಆಯ್ಕೆ ಎಂದು ನಮಗೆ ತೋರುತ್ತದೆ. ಆಗ ರಾಮೇಶ್ವರ, ಪಾಂಬನ್, ಮಂಡಪಂ ಕಡೆಯ ಯಾಂತ್ರೀಕೃತ ಬೋಟುಗಳು ರಜೆಯಲ್ಲಿರುತ್ತವೆ. ಬಂಗಾಳ ಕೊಲ್ಲಿಗೆ ಹೋಗಿದ್ದ ಕನ್ಯಾಕುಮಾರಿ, ಕೇರಳದ ಬೋಟುಗಳು ನಿಷೇಧದ ಮೊದಲೇ ಪಶ್ಚಿಮಕ್ಕೆ ಮರಳಬೇಕಾಗುತ್ತದೆ. ಮಾರ್ಚ್ ತಿಂಗಳಲ್ಲೇ ಅವರಿಗೆ ಸುದ್ದಿ ಮುಟ್ಟಿದರೆ ಏಪ್ರಿಲ್ 14ರೊಳಗೆ ಕಾಲುವೆ ದಾಟುವಂತೆ ಲೆಕ್ಕ ಹಾಕಿಕೊಳ್ಳುತ್ತಾರೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಏಪ್ರಿಲ್, ಮೇ ಶಾಲೆಗಳಿಗೆ ರಜೆ, ರಾಮೇಶ್ವರಕ್ಕೆ ಯಾತ್ರಿಕರು ಹೆಚ್ಚು, ವಿಶೇಷ ರೈಲುಗಳ ನಡುವೆ ಕೆಲಸ ಮಾಡುವುದು ಕಷ್ಟ ಎಂದು ರೈಲ್ವೆ ಹೇಳಬಹುದು. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. ಆದರೆ ಎರಡು ಕಷ್ಟಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಬಂದಾಗ ಯಾರಿಗೆ ಬದಲಿ ದಾರಿ ಇದೆ ಎಂಬುದನ್ನು ನೋಡಬೇಕು. ಯಾತ್ರಿಕರಿಗೆ ಪಕ್ಕದಲ್ಲೇ ರಸ್ತೆ ಸೇತುವೆ ಇದೆ. ಎರಡು ವರ್ಷ ಅವರು ಅದರಲ್ಲೇ ಹೋಗಿ ಬಂದಿದ್ದಾರೆ. ಬೋಟಿಗೆ ಆ ಅನುಕೂಲವಿಲ್ಲ. ಆದ್ದರಿಂದ ದಿನ ಗೊತ್ತುಮಾಡುವಾಗ ಬೋಟಿನವರ ಪಂಚಾಂಗವೇ ಮೊದಲು ತೆರೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಎಚ್ಚರಿಕೆಯ ಮಾತು. ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ. ಸಾಂಪ್ರದಾಯಿಕ ದೋಣಿಗಳು ಆ ದಿನಗಳಲ್ಲೂ ದುಡಿಯುತ್ತವೆ. ಮಾಸ್ಟ್ ಇಲ್ಲದ, ಎತ್ತರ ಕಡಿಮೆಯ ದೋಣಿಗಳಿಗೆ ಅಡಿಯಿಂದ ಹೋಗಲು ಒಂದು ಬದಿಯ ದಾರಿಯನ್ನಾದರೂ ಬಿಡಬೇಕು. ದೊಡ್ಡ ಬೋಟಿನವರ ರಜೆಯನ್ನು ಎಲ್ಲರ ರಜೆ ಎಂದು ತಿಳಿದರೆ ಅತಿ ಬಡವನಿಗೇ ಅನ್ಯಾಯವಾದೀತು.

ನಮ್ಮ ನದಿಗಳ ಕಡೆಗೂ ಒಂದು ನೋಟ

ಇದೆಲ್ಲ ತಮಿಳುನಾಡಿನ ಮಾತು, ನಮಗೇಕೆ ಎಂದು ಓದುಗರು ಕೇಳಬಹುದು. ಕಾಳಿ, ಶರಾವತಿ, ಗುರುಪುರ, ನೇತ್ರಾವತಿಗಳ ಮೇಲಿರುವ ನಮ್ಮ ಹೆದ್ದಾರಿ, ರೈಲು ಸೇತುವೆಗಳು ಏಳುವಂಥವಲ್ಲ ನಿಜ. ಆದರೆ ಸೇತುವೆಯ ಕೆಲಸಕ್ಕೂ ನೀರಿನ ದಾರಿಗೂ ಇರುವ ಸಂಬಂಧ ಇಲ್ಲಿಯೂ ಅದೇ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ನಮಗೆಲ್ಲ ನೆನಪಿದೆ. ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕನನ್ನು ಕತ್ತಲಲ್ಲಿ ಪಾರು ಮಾಡಿದವರಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಆ ರಾತ್ರಿ ನದಿಯಲ್ಲಿ ದೋಣಿ ಓಡಿಸಬಲ್ಲವರು ಇದ್ದದ್ದರಿಂದ ಒಂದು ಜೀವ ಉಳಿಯಿತು. ಹೆದ್ದಾರಿಯ ವಾಹನಗಳು ಪಕ್ಕದ ಹೊಸ ಸೇತುವೆಗೆ ತಿರುಗಿದವು. ನದಿಗೆ ಬಿದ್ದ ಕಾಂಕ್ರೀಟಿನ ರಾಶಿ ಮಾತ್ರ ದೋಣಿ ಓಡಾಡುವ ನೀರಿನಲ್ಲೇ ಇತ್ತು. ರಸ್ತೆ ಯಾವಾಗ ಸರಿಯಾಗುತ್ತದೆ ಎಂದು ಎಲ್ಲರೂ ಕೇಳಿದರು. ನದಿ ಯಾವಾಗ ಸರಿಯಾಗುತ್ತದೆ ಎಂದು ಕೇಳಿದವರು ಎಷ್ಟು ಮಂದಿ?

2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದೆ. ಮೇಲೆ ಹೇಳಿದ ನಮ್ಮ ನಾಲ್ಕು ನದಿಗಳೂ ಅದರಲ್ಲಿವೆ. ಕಾಗದದ ಮೇಲೆ ಅವು ಹೆದ್ದಾರಿಯಷ್ಟೇ ದಾರಿಗಳು. ಹೆದ್ದಾರಿ ಮುಚ್ಚಬೇಕಾದರೆ ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ, ಬದಲಿ ಮಾರ್ಗವನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ತಿರುವಿನಲ್ಲಿ ಫಲಕ ನಿಲ್ಲಿಸುತ್ತಾರೆ. ನದಿಯಲ್ಲಿ ಕಂಬ ಕಟ್ಟಲು ಅಡ್ಡಲಾಗಿ ಮಣ್ಣು ತುಂಬುವಾಗ, ಬಾರ್ಜು ನಿಲ್ಲಿಸುವಾಗ, ತೊಲೆ ಇಳಿಸುವಾಗ ದೋಣಿಯವನಿಗೂ ಅಷ್ಟೇ ತಿಳಿಸಬೇಡವೇ? ರಾತ್ರಿ ಮರಳುವವನಿಗೆ ಒಂದು ಕೆಂಪು ದೀಪವಾದರೂ ಕಾಣಬೇಡವೇ?

ಏನು ಮಾಡಬಹುದು?

ದುರಸ್ತಿ ಬೇಡ ಎಂದು ನಾವು ಖಂಡಿತ ಹೇಳುವುದಿಲ್ಲ. ದುರಸ್ತಿ ಮಾಡದ ಸೇತುವೆ ಎಲ್ಲರಿಗೂ ಅಪಾಯ, ಕಾಳಿ ಸೇತುವೆ ಅದನ್ನು ತೋರಿಸಿಕೊಟ್ಟಿದೆ. ನಾವು ಕೇಳುವುದು ಕೆಲವು ಸಾಮಾನ್ಯ ಕ್ರಮಗಳನ್ನು.

ಮೊದಲನೆಯದಾಗಿ, ದಿನಾಂಕ ನಿರ್ಧರಿಸುವ ಮೊದಲು ಮೀನುಗಾರರ ಸಂಘಗಳನ್ನು, ಬಂದರು ಅಧಿಕಾರಿಗಳನ್ನು, ಮೀನುಗಾರಿಕೆ ಇಲಾಖೆಯನ್ನು ಒಂದೇ ಮೇಜಿನ ಸುತ್ತ ಕೂರಿಸಬೇಕು. ಸೇತುವೆ ಒಂದು ಇಲಾಖೆಯದ್ದು, ನೀರು ಇನ್ನೊಂದರದ್ದು, ಮೀನುಗಾರ ಮತ್ತೊಂದರ ಪಾಲು. ಈ ಮೂವರೂ ಒಬ್ಬರಿಗೊಬ್ಬರು ಹೇಳದೆ ನಡೆದರೆ ನಡುವೆ ಸಿಕ್ಕಿ ನರಳುವವನು ಬೋಟಿನ ತಾಂಡೇಲ.

ಎರಡನೆಯದಾಗಿ, ಕನಿಷ್ಠ ಒಂದು ತಿಂಗಳು ಮೊದಲು ಸೂಚನೆ ಕೊಡಬೇಕು. ಅದು ಕಚೇರಿಯ ಗೋಡೆಯ ಮೇಲಿನ ಇಂಗ್ಲಿಷ್ ಕಾಗದವಾಗಿ ಉಳಿಯಬಾರದು. ತಮಿಳು, ಮಲಯಾಳಂ, ತೆಲುಗು, ಕನ್ನಡದಲ್ಲಿ ಎರಡೂ ಕರಾವಳಿಯ ಬಂದರುಗಳಿಗೆ, ದಕ್ಕೆಗಳಿಗೆ ತಲುಪಬೇಕು. ವಯರ್‌ಲೆಸ್‌ನಲ್ಲಿ, ಮೊಬೈಲಿನಲ್ಲಿ ಬರಬೇಕು. ಕಡಲಿನ ಮಧ್ಯೆ ಇರುವವನಿಗೆ ಅದು ಕೇಳಿಸಬೇಕು.

ಮೂರನೆಯದಾಗಿ, ಆರಂಭದ ದಿನದ ಜತೆ ಮುಗಿಯುವ ದಿನವನ್ನೂ ಹೇಳಬೇಕು. "ಮುಂದಿನ ಆದೇಶದವರೆಗೆ" ಎಂಬ ಮಾತು ಕಾಯುವವನಿಗೆ ಶಿಕ್ಷೆ. ತಡವಾದರೆ ಕಾರಣ ಕೊಟ್ಟು ಹೊಸ ದಿನಾಂಕ ಪ್ರಕಟಿಸಬೇಕು.

ನಾಲ್ಕನೆಯದಾಗಿ, ದೀರ್ಘ ಕೆಲಸವಾದರೆ ವಾರಕ್ಕೊಮ್ಮೆಯಾದರೂ ಗೊತ್ತಾದ ಹೊತ್ತಿನಲ್ಲಿ ಕಾಲುವೆ ತೆರೆದು ಕಾದಿರುವ ಬೋಟುಗಳನ್ನು ಸಾಲಾಗಿ ದಾಟಿಸಬೇಕು. ಚಂಡಮಾರುತದ ಮುನ್ಸೂಚನೆ ಬಂದರೆ ಕೆಲಸ ನಿಲ್ಲಿಸಿ ಎಷ್ಟು ಗಂಟೆಯೊಳಗೆ ಅಂಕಣ ಎತ್ತಲು ಸಾಧ್ಯ ಎಂಬುದನ್ನು ಮೊದಲೇ ತಿಳಿಸಬೇಕು. ಸಾಧ್ಯವೇ ಇಲ್ಲದಿದ್ದರೆ ಅದನ್ನೂ ಹೇಳಬೇಕು, ಬೋಟುಗಳು ಸುರಕ್ಷಿತವಾಗಿ ನಿಲ್ಲಲು ಜಾಗವನ್ನೂ ಗೊತ್ತುಮಾಡಬೇಕು.

ಐದನೆಯದಾಗಿ, ಮೀನುಗಾರಿಕೆಯ ದಿನಗಳಲ್ಲೇ ಮುಚ್ಚುವುದು ಅನಿವಾರ್ಯವಾದರೆ ಸಿಕ್ಕಿಹಾಕಿಕೊಂಡವರಿಗೆ ಪರಿಹಾರ ಇರಬೇಕು. ನಿಷೇಧದ ಅವಧಿಯಲ್ಲಿ ಕುಟುಂಬಗಳಿಗೆ ನೆರವು ಕೊಡುವ ಪದ್ಧತಿ ತಮಿಳುನಾಡಿನಲ್ಲಿ ಈಗಾಗಲೇ ಇದೆ. ಅದೇ ದಾರಿಯಲ್ಲಿ ಇದನ್ನೂ ಸೇರಿಸುವುದು ಅಸಾಧ್ಯವೇನಲ್ಲ. ನೂರಾರು ಕೋಟಿಯ ಸೇತುವೆಯ ಲೆಕ್ಕದಲ್ಲಿ ಇದು ತೀರಾ ಸಣ್ಣ ಮೊತ್ತ. ದುರಸ್ತಿಯ ಅಂದಾಜು ಪಟ್ಟಿಯಲ್ಲಿ ಉಕ್ಕು, ಬಣ್ಣ, ಕೂಲಿ ಬರೆಯುವಾಗ ಇದನ್ನೂ ಒಂದು ಸಾಲಾಗಿ ಬರೆಯಲಿ. ಹಾಗೆ ಬರೆದ ದಿನ ಕೆಲಸ ಬೇಗ ಮುಗಿಸುವ ಅವಸರವೂ ತಾನಾಗಿ ಬರುತ್ತದೆ.

1914ರಲ್ಲಿ ಬ್ರಿಟಿಷರ ಆಡಳಿತದಲ್ಲೂ ಪಾಂಬನ್ ಸೇತುವೆಯ ನಡುವೆ ಬಾಗಿಲು ಇಡಲಾಯಿತು. 2025ರ ಸೇತುವೆಯಲ್ಲೂ ಆ ಬಾಗಿಲು ಉಳಿದಿದೆ, ಮೊದಲಿಗಿಂತ ದೊಡ್ಡದಾಗಿದೆ. ಬಾಗಿಲು ಇಟ್ಟವರಿಗೆ ಅದನ್ನು ಮುಚ್ಚುವಾಗ ಹೊರಗೆ ನಿಂತವರಿಗೆ ಒಂದು ಮಾತು ಹೇಳುವ ಹೊಣೆಯೂ ಇದೆ. ಮುಂದಿನ ಬಾರಿ ಪಾಂಬನ್‌ನಲ್ಲಾಗಲಿ, ನಮ್ಮ ಕಾಳಿಯಲ್ಲಾಗಲಿ ಸೇತುವೆಯ ಕೆಲಸ ಶುರುವಾಗುವಾಗ ರೈಲು, ಬಸ್ಸಿನ ಬದಲಿ ವ್ಯವಸ್ಥೆಯ ಪ್ರಕಟಣೆಯ ಕೆಳಗೆ ದೋಣಿಗಳಿಗೂ ನಾಲ್ಕು ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸಂಬಂಧಪಟ್ಟವರನ್ನು ಕೇಳಿ. ನಾವೂ ಕೇಳುತ್ತೇವೆ.